ಕೆಂಪು ಟವೆಲ್ ಎಲ್ಲಿ ಹೋಯಿತು? ಮರಗಳ ನಡುವಿನ ಒಬ್ಬರನ್ನು ಕಪ್ಪು-ಬಿಳುಪಿನಲ್ಲಿ ತೆಗೆಯೋದು

ಶ್ರೀನಿವಾಸಪುರದ ಕಡೆ ನಮ್ಮ ನೆಂಟರದ್ದೊಂದು ಮಾವಿನ ತೋಪಿದೆ. ಹೋದ ವರ್ಷ ಮೇ ತಿಂಗಳಲ್ಲಿ, ಕಾಯಿ ಬಲಿತು ಇನ್ನೇನು ಕೀಳಬೇಕು ಅನ್ನೋ ಹೊತ್ತಿಗೆ, ಅಲ್ಲಿ ಕಾವಲಿಗಿದ್ದ ತಾತನದ್ದೊಂದು ಫೋಟೋ ತೆಗೆದೆ. ಬೆಳಗಿನ ಏಳು ಗಂಟೆ. ತಾತ ಕೆಂಪು ಟವೆಲನ್ನು ಹೆಗಲಿಂದ ಸೊಂಟದವರೆಗೆ ಹೊದ್ದುಕೊಂಡು, ಕೈಯಲ್ಲೊಂದು ಕೋಲು ಹಿಡಿದು, ಕೋತಿ ಬಂತೇನೋ ಅಂತ ಮೇಲೆ ನೋಡುತ್ತಾ ನಿಂತಿದ್ದರು. ಸುತ್ತ ಬರೀ ಹಸಿರು. ನಡುವೆ ಆ ಕೆಂಪು. ಫೋನಿನ ಪರದೆಯಲ್ಲಿ ನೋಡಿದರೆ ಎಷ್ಟು ಚೆನ್ನಾಗಿತ್ತು ಅಂದರೆ, ಅಲ್ಲೇ ನಿಂತು ಬ್ಲ್ಯಾಕ್ ಅಂಡ್ ವೈಟ್ ಮಾಡೋಣ ಅಂತ ಗುಂಡಿ ಒತ್ತಿದೆ.

ತಾತ ಮಾಯ.

ಉತ್ಪ್ರೇಕ್ಷೆ ಅಲ್ಲ. ಬೆಳ್ಳನೆಯ ಕೂದಲು ಒಂದು ಕಾಣುತ್ತಿತ್ತು, ಅದರ ಕೆಳಗಿದ್ದ ಮನುಷ್ಯ ಎಲೆಗಳ ಒಳಗೆ ಕರಗಿ ಹೋಗಿದ್ದರು. ಬಣ್ಣದಲ್ಲಿ ಅಷ್ಟು ಎದ್ದು ಕಂಡ ಟವೆಲ್ಲು ಈಗ ಮಾವಿನ ಎಲೆಯಷ್ಟೇ ಬೂದು. ಇದು ಯಾಕೆ ಹೀಗಾಗುತ್ತದೆ ಅನ್ನೋದನ್ನು ಸರಿಯಾಗಿ ತಿಳಿದುಕೊಂಡರೆ ಈ ಥರದ ಫೋಟೋದ ಅರ್ಧ ಕಷ್ಟ ಮುಗಿದ ಹಾಗೆ. ಅದಕ್ಕೇ ಅಲ್ಲಿಂದಲೇ ಶುರು ಮಾಡುತ್ತೇನೆ.

ಫೋನಿನ ಲೆಕ್ಕದಲ್ಲಿ ಪ್ರತಿ ಚುಕ್ಕೆಯೂ ಮೂರು ಸಂಖ್ಯೆ: ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು. ಒಂದೊಂದೂ 0ಯಿಂದ 255ರವರೆಗೆ. ನನ್ನ ಫೋಟೋದ ಟವೆಲ್ಲಿನ ಒಂದು ಜಾಗ ಅಳೆದು ನೋಡಿದೆ. ಕೆಂಪು 200, ಹಸಿರು 40, ನೀಲಿ 40. ಪಕ್ಕದ ಎಲೆಯದ್ದು ಕೆಂಪು 60, ಹಸಿರು 110, ನೀಲಿ 50. ಈ ಮೂರನ್ನು ಸೇರಿಸಿ ಒಂದೇ ಬೂದು ಮಾಡುವಾಗ ಮೂರಕ್ಕೂ ಸಮಪಾಲು ಕೊಡೋದಿಲ್ಲ. ನಮ್ಮ ಕಣ್ಣಿಗೆ ಹಸಿರು ಜಾಸ್ತಿ ಬೆಳಕಾಗಿ ಕಾಣುತ್ತದೆ, ನೀಲಿ ಕಡಿಮೆ. ಅದಕ್ಕೆ ತಕ್ಕಂತೆ, ಹಳೇ ಟಿವಿ ಕಾಲದಿಂದ ಬಳಕೆಯಲ್ಲಿರೋ ಒಂದು ಲೆಕ್ಕದಲ್ಲಿ ಕೆಂಪನ್ನು 0.299ರಿಂದ, ಹಸಿರನ್ನು 0.587ರಿಂದ, ನೀಲಿಯನ್ನು 0.114ರಿಂದ ಗುಣಿಸಿ ಕೂಡಿಸುತ್ತಾರೆ. ಮಾಡಿ ನೋಡಿ. ಟವೆಲ್ಲು 88. ಎಲೆಯೂ 88.

ನಾನು ಮೂರು ಸಲ ಕೂಡಿದೆ. 88ಕ್ಕೆ 88. ಎರಡು ಬಣ್ಣಗಳ ನಡುವೆ ಇದ್ದ ವ್ಯತ್ಯಾಸವೆಲ್ಲ ಬರೀ ಬಣ್ಣದ್ದು, ಬೆಳಕಿನದ್ದು ಒಂದು ಚೂರೂ ಇರಲಿಲ್ಲ. ಬಣ್ಣ ತೆಗೆದ ಮೇಲೆ ಉಳಿದದ್ದು ಸೊನ್ನೆ.

ಇದನ್ನು ಮೊದಲೇ ಕಂಡುಹಿಡಿಯೋದಕ್ಕೆ ಒಂದು ಸುಲಭದ ದಾರಿ ಇದೆ. ಕಣ್ಣನ್ನು ಕಿರಿದು ಮಾಡಿ, ರೆಪ್ಪೆ ಸಂದಿಯಿಂದ ನೋಡಿ. ಸಣ್ಣಪುಟ್ಟ ವಿವರ ಎಲ್ಲ ಮಸುಕಾಗಿ ಕಪ್ಪು-ಬಿಳಿ ಮುದ್ದೆಗಳಷ್ಟೇ ಉಳಿಯುತ್ತವೆ. ಮನುಷ್ಯ ಆ ಮುದ್ದೆಯೊಳಗೆ ಸೇರಿಹೋದರೆ ಫೋಟೋದಲ್ಲೂ ಸೇರಿಹೋಗುತ್ತಾನೆ. ಇನ್ನೊಂದು ದಾರಿಯನ್ನು ನಸುಕು ತಾನೇ ತೋರಿಸಿಕೊಡುತ್ತದೆ. ನಮ್ಮ ಕಣ್ಣಿನ ಒಳಗೆ ಬಣ್ಣ ನೋಡುವ ಕೋಶಗಳು ಸುಮಾರು 60 ಲಕ್ಷ, ಬರೀ ಬೆಳಕು-ಕತ್ತಲೆ ನೋಡುವ ಕೋಶಗಳು ಸುಮಾರು 12 ಕೋಟಿ. ಬೆಳಕು ತೀರಾ ಕಡಿಮೆ ಇದ್ದಾಗ ಕೆಲಸ ಮಾಡೋದು ಎರಡನೇ ಗುಂಪು, ಅದಕ್ಕೆ ಕೆಂಪು ಹೆಚ್ಚುಕಡಿಮೆ ಕಾಣೋದೇ ಇಲ್ಲ. ನಸುಕಿನಲ್ಲಿ ಹಾಲು ಹಾಕೋದಕ್ಕೆ ಡೈರಿಗೆ ಹೋಗುವಾಗ ಗಮನಿಸಿ. ಎದುರು ಬರುವವರ ಕೆಂಪು ಸೀರೆ ಕಪ್ಪಾಗಿ ಕಾಣುತ್ತದೆ, ಅದೇ ಹೊತ್ತಿಗೆ ಪಕ್ಕದ ಹೊಂಗೆ ಮರದ ಹಸಿರು ಒಂದಿಷ್ಟು ತಿಳಿಯಾಗಿಯೇ ಇರುತ್ತದೆ.

ಹಳೇ ಕಾಲದ ಫಿಲ್ಮುಗಳದ್ದೂ ಇದೇ ಕಥೆ, ಇನ್ನೂ ಜಾಸ್ತಿ. ಫಿಲ್ಮಿನಲ್ಲಿರೋದು ಬೆಳ್ಳಿಯ ಉಪ್ಪು. ಅದಕ್ಕೆ ಸ್ವಾಭಾವಿಕವಾಗಿ ಕಾಣೋದು ನೀಲಿ ಮತ್ತು ಅದರಾಚೆಯ ನೇರಳಾತೀತ ಕಿರಣ ಮಾತ್ರ. ಹಾಗಾಗಿ ಶುರುವಿನ ಫೋಟೋಗಳಲ್ಲಿ ಆಕಾಶ ಸುಣ್ಣ ಬಳಿದ ಗೋಡೆಯ ಹಾಗೆ ಬಿಳಿ, ಮರಗಳು ಇದ್ದಿಲಿನ ಹಾಗೆ ಕಪ್ಪು. 1873ರಲ್ಲಿ ಜರ್ಮನಿಯ ಹರ್ಮನ್ ವೋಗೆಲ್ ಅನ್ನೋರು ಅದಕ್ಕೆ ಒಂದು ಬಣ್ಣದ ಪುಡಿ ಸೇರಿಸಿದರೆ ಹಸಿರೂ ಕಾಣುತ್ತದೆ ಅಂತ ಕಂಡುಕೊಂಡರು. ಅಂಥ ಫಿಲ್ಮನ್ನು ಆರ್ಥೋ ಅಂತ ಕರೆದರು. ಆದರೆ ಅದಕ್ಕೂ ಕೆಂಪು ಕುರುಡು. ಹಣೆಯ ಕುಂಕುಮ ಕಾಡಿಗೆಯ ಹಾಗೆ ಕಪ್ಪಗೆ ಬರುತ್ತಿತ್ತು. ಎಲ್ಲ ಬಣ್ಣವೂ ಕಾಣುವ ಪ್ಯಾಂಕ್ರೊಮ್ಯಾಟಿಕ್ ಪ್ಲೇಟುಗಳು ಇಂಗ್ಲೆಂಡಿನ ಅಂಗಡಿಗಳಿಗೆ ಬಂದಿದ್ದು 1906ರಲ್ಲಿ. ಸ್ಟುಡಿಯೋಗಳ ಡಾರ್ಕ್‌ರೂಮಿನಲ್ಲಿ ಕೆಂಪು ಬಲ್ಬು ಹಾಕಿಕೊಂಡು ಕೂರುತ್ತಿದ್ದರಲ್ಲ, ಅದೂ ಇದೇ ಕಾರಣಕ್ಕೆ. ಪ್ರಿಂಟ್ ಹಾಕುವ ಪೇಪರಿಗೆ ಕೆಂಪು ಬೆಳಕು ಕಾಣೋದಿಲ್ಲ, ನಮಗೆ ಕಾಣುತ್ತದೆ.

ಸರಿ, ತಾತನನ್ನು ಎಲೆಯಿಂದ ಹೊರಗೆ ತರೋದು ಹೇಗೆ?

ಒಂದು ಉಪಾಯ ಫಿಲ್ಟರು. ಮೊದಲೆಲ್ಲ ಲೆನ್ಸಿನ ಮುಂದೆ ಬಣ್ಣದ ಗಾಜು ಸಿಕ್ಕಿಸುತ್ತಿದ್ದರು. ಕೆಂಪು ಗಾಜು ಕೆಂಪನ್ನು ಬಿಡುತ್ತದೆ, ಹಸಿರು-ನೀಲಿಯನ್ನು ತಡೆಯುತ್ತದೆ. ಈಗ ಅದೇ ಕೆಲಸವನ್ನು ಫೋಟೋ ತೆಗೆದ ಮೇಲೆ ಮಾಡಬಹುದು. ಸ್ನ್ಯಾಪ್‌ಸೀಡ್ ಥರದ ಪುಕ್ಕಟೆ ಆಪಿನಲ್ಲೂ ಬ್ಲ್ಯಾಕ್ ಅಂಡ್ ವೈಟ್ ಮಾಡುವಾಗ ಬಣ್ಣದ ಫಿಲ್ಟರ್ ಆರಿಸಿಕೊಳ್ಳೋದಕ್ಕೆ ಬರುತ್ತದೆ. ನನ್ನ ಲೆಕ್ಕಕ್ಕೇ ವಾಪಸ್ ಬನ್ನಿ. ಬರೀ ಕೆಂಪಿನ ಸಂಖ್ಯೆ ಇಟ್ಟುಕೊಂಡರೆ ಟವೆಲ್ 200, ಎಲೆ 60. ಟವೆಲ್ ಬೆಳ್ಳಗೆ ಹೊಳೆಯುತ್ತದೆ, ತೋಪು ಕಪ್ಪಾಗುತ್ತದೆ. ಬರೀ ಹಸಿರಿನದ್ದು ಇಟ್ಟುಕೊಂಡರೆ ಟವೆಲ್ 40, ಎಲೆ 110. ಈಗ ತಿಳಿ ಎಲೆಗಳ ಮುಂದೆ ಕಪ್ಪು ಆಕೃತಿ. ಒಂದೇ ಫೋಟೋ, ಒಂದೇ ತಾತ. ಒಂದರಲ್ಲಿ ಕತ್ತಲೆಯಿಂದ ಹೊರಗೆ ಬರುತ್ತಿದ್ದಾರೆ, ಇನ್ನೊಂದರಲ್ಲಿ ಬೆಳಕಿನ ಒಳಗೆ ಹೋಗುತ್ತಿದ್ದಾರೆ. ಅದಕ್ಕೇ ಕ್ಯಾಮೆರಾದಲ್ಲಿ ಯಾವಾಗಲೂ ಬಣ್ಣದಲ್ಲೇ ತೆಗೆದು ಆಮೇಲೆ ಬದಲಾಯಿಸಿ ಅನ್ನೋದು. ಮೊದಲೇ ಬಣ್ಣ ಬಿಸಾಡಿಬಿಟ್ಟರೆ ಈ ಆಯ್ಕೆ ಉಳಿಯೋದಿಲ್ಲ.

ಆದರೆ ಕೆಂಪು ಫಿಲ್ಟರಿನ ಬಗ್ಗೆ ನನ್ನದೊಂದು ತಕರಾರಿದೆ. ನಮ್ಮ ಮೈಬಣ್ಣದಲ್ಲಿ ಕೆಂಪಿನ ಪಾಲು ಜಾಸ್ತಿ. ಹಾಗಾಗಿ ಕೆಂಪು ಫಿಲ್ಟರ್ ಹಾಕಿದ ಕೂಡಲೇ ಎಲ್ಲರೂ ಬೆಳ್ಳಗಾಗುತ್ತಾರೆ, ಮುಖದ ಸುಕ್ಕು ಕಲೆ ಎಲ್ಲ ಅಳಿಸಿಹೋಗುತ್ತದೆ. ಎಪ್ಪತ್ತು ವರ್ಷ ಬಿಸಿಲಲ್ಲಿ ಮಾಗಿದ ಮುಖವನ್ನು ಮೈದಾ ಹಿಟ್ಟಿನ ಮುದ್ದೆ ಮಾಡೋದಾದರೆ ಫೋಟೋ ಯಾಕೆ ತೆಗೆಯಬೇಕು? ನಾನು ಕಿತ್ತಳೆಯಲ್ಲಿ ನಿಲ್ಲುತ್ತೇನೆ. ಎಲೆ ಒಂಚೂರು ಕಪ್ಪಾಗುತ್ತದೆ, ಮುಖ ಮುಖವಾಗಿಯೇ ಇರುತ್ತದೆ.

ಫಿಲ್ಟರಿಗಿಂತ ಒಳ್ಳೆಯ ಉಪಾಯ ಅಂದರೆ ಎರಡು ಹೆಜ್ಜೆ. ಮಾರನೇ ದಿನ ಮತ್ತೆ ಹೋದೆ.

"ತಾತ, ಆ ಎರಡು ಮರದ ಸಂದಿಗೆ ಬನ್ನಿ. ಇನ್ನೊಂಚೂರು. ಹಾಂ, ಅಲ್ಲೇ."

"ಏನಪ್ಪ, ನನ್ನನ್ನ ಬಿಸಿಲಿಗೆ ಹಾಕಿ ಹಪ್ಪಳದ ಥರ ಒಣಗಿಸ್ತೀಯಾ?"

ಬಿಸಿಲಿಗೆ ಅಲ್ಲ, ತೋಪಿನ ಅಂಚಿಗೆ. ಅಂಚು ಅನ್ನೋದೇ ಇಲ್ಲಿ ಮುಖ್ಯ. ಅಜ್ಜಿಯರು ಅಕ್ಕಿ ಆರಿಸುವಾಗ ಎಲ್ಲಿ ಕೂರುತ್ತಾರೆ ನೋಡಿ. ಅಂಗಳದ ಬಿಸಿಲಿಗೆ ಹೋಗೋದಿಲ್ಲ, ಒಳಗಿನ ಕತ್ತಲೆಗೂ ಹೋಗೋದಿಲ್ಲ. ಹೊಸ್ತಿಲ ಹತ್ತಿರ, ಬಿದಿರಿನ ಮೊರ ಮಡಿಲಲ್ಲಿಟ್ಟುಕೊಂಡು, ಮುಖ ಹೊರಗೆ ಮಾಡಿ ಕೂರುತ್ತಾರೆ. ಆ ಜಾಗದಲ್ಲಿ ನೇರ ಬಿಸಿಲಿಲ್ಲ, ಆದರೆ ಇಡೀ ಆಕಾಶದ ಬೆಳಕು ಮೆತ್ತಗೆ ಬಂದು ಬೀಳುತ್ತದೆ. ಬೆನ್ನ ಹಿಂದೆ ಮನೆ ಕತ್ತಲೆ. ಮಾವಿನ ತೋಪಿಗೂ ಹಾಗೊಂದು ಹೊಸ್ತಿಲಿದೆ. ಕೊನೆಯ ಸಾಲಿನ ಮರದ ಕೊಂಬೆ ಮುಗಿಯುವ ಜಾಗ. ಮನುಷ್ಯನನ್ನು ಅಲ್ಲಿ ನಿಲ್ಲಿಸಿ, ಮುಖ ಬಯಲಿಗೆ ಮಾಡಿಸಿ, ನೀವು ಬಯಲಿನಿಂದ ತೋಪಿನ ಕಡೆ ನೋಡಿ. ಮುಖಕ್ಕೆ ಬೆಳಕು, ಹಿಂದೆ ದಟ್ಟ ನೆರಳು. ಟವೆಲ್ ಯಾವ ಬಣ್ಣದ್ದಾದರೂ ಆಗಲಿ, ಮನುಷ್ಯ ಬಿಡಿಸಿದ ಹಾಗೆ ಬೇರೆ ಕಾಣುತ್ತಾನೆ.

ಇಲ್ಲಿ ಫೋನು ಒಂದು ಕಿತಾಪತಿ ಮಾಡುತ್ತದೆ. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರಿಗೆ ತಾನು ನೋಡುತ್ತಿರೋದು ಮರವೋ ಮಂಜೋ ಅಂತ ಗೊತ್ತಿರೋದಿಲ್ಲ. ಎದುರಿಗಿರೋದೆಲ್ಲ ಸರಾಸರಿ ನಡುಮಟ್ಟದ ಬೂದು ಅಂದುಕೊಂಡು, ಅದಕ್ಕೆ ತಕ್ಕ ಬೆಳಕು ತೆಗೆದುಕೊಳ್ಳುತ್ತದೆ. ಬಿದ್ದ ಬೆಳಕಿನಲ್ಲಿ ನೂರಕ್ಕೆ 18 ಪಾಲು ವಾಪಸ್ ಕಳಿಸುವ ಬೂದು ಅಂತ ಫೋಟೋದವರು ಹೇಳೋದು ಇದನ್ನೇ. ಕಪ್ಪು ತೋಪು ತುಂಬಿಕೊಂಡಿರುವ ಚಿತ್ರದಲ್ಲಿ ಮೀಟರು, ಓ, ಕತ್ತಲೆ ಜಾಸ್ತಿ ಆಯಿತು ಅಂತ ಬೆಳಕು ಏರಿಸಿಬಿಡುತ್ತದೆ. ನೆರಳು ಬೂದುಬಣ್ಣ ಆಗುತ್ತದೆ, ತಾತನ ಬಿಳಿ ಕೂದಲು ಎಳೆಯೂ ಕಾಣದ ಹಾಗೆ ಸುಟ್ಟುಹೋಗುತ್ತದೆ. ಪರದೆಯ ಮೇಲೆ ಮುಖದ ಹತ್ತಿರ ಒತ್ತಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಒಂದು ಸ್ಟಾಪ್, ಅಂದರೆ ಬೆಳಕು ಅರ್ಧಕ್ಕೆ. ಸಾಕು. ಅಮೆರಿಕದ ಫೋಟೋಗ್ರಾಫರುಗಳಾದ ಆ್ಯನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಆಸುಪಾಸಿನಲ್ಲಿ ಇದಕ್ಕೊಂದು ಏಣಿಯನ್ನೇ ಕಟ್ಟಿದರು. ಕಡುಕಪ್ಪಿನಿಂದ ಹಾಳೆಯ ಬಿಳಿವರೆಗೆ 11 ಮೆಟ್ಟಿಲು, ನಡುವಿನದ್ದು ಈ ಬೂದು. ಯಾವುದನ್ನು ಯಾವ ಮೆಟ್ಟಿಲಲ್ಲಿ ಕೂರಿಸಬೇಕು ಅಂತ ತೀರ್ಮಾನ ಮಾಡೋದು ನೀವು, ಮೀಟರಲ್ಲ.

ಇನ್ನು ಮರಗಳ ವಿಷಯ. ಎಲ್ಲ ಮರವೂ ಒಂದೇ ಅಲ್ಲ. ಕಪ್ಪು-ಬಿಳುಪಿನಲ್ಲಂತೂ ಒಂದೊಂದರ ಸ್ವಭಾವ ಒಂದೊಂದು.

ನಂದಿಬೆಟ್ಟಕ್ಕೆ ಹೋಗೋರಿಗೆ ಗೊತ್ತು, ಮೇಲೆ ನೀಲಗಿರಿ ಮರಗಳಿವೆ. ಟಿಪ್ಪು ಕಾಲದಲ್ಲಿ, 1790ರ ಸುಮಾರಿಗೆ, ನಮ್ಮ ದೇಶಕ್ಕೆ ನೀಲಗಿರಿ ಮೊದಲು ಬಂದಿದ್ದೇ ಆ ಬೆಟ್ಟದ ತೋಟಕ್ಕೆ ಅಂತ ಹೇಳುತ್ತಾರೆ. ಆಮೇಲೆ ಕೋಲಾರ, ಚಿಕ್ಕಬಳ್ಳಾಪುರದ ಹೊಲಗಳಲ್ಲೆಲ್ಲ ಹಬ್ಬಿ, ಅಂತರ್ಜಲ ಹೀರುತ್ತದೆ ಅಂತ ಬೈಸಿಕೊಂಡು, 2017ರಲ್ಲಿ ಹೊಸದಾಗಿ ನೆಡೋದಕ್ಕೆ ರಾಜ್ಯ ಸರ್ಕಾರ ತಡೆ ಹಾಕಿತು. ರೈತನಾಗಿ ನನಗೂ ಅದರ ಮೇಲೆ ಸಿಟ್ಟಿದೆ. ಫೋಟೋ ತೆಗೆಯೋನಾಗಿ ಮಾತ್ರ ಏನೂ ಹೇಳೋದಕ್ಕಾಗೋದಿಲ್ಲ. ತೊಗಟೆ ಸುಲಿದು ಬೆಳ್ಳಗೆ, ನೆಟ್ಟಗೆ, ಸಾಲಾಗಿ ನಿಲ್ಲುವ ಕಾಂಡಗಳು. ಅದರ ನಡುವೆ ಕಂಬಳಿ ಹೊದ್ದ ಒಬ್ಬರು ನಡೆದು ಬಂದರೆ ಬಿಳಿ ಹಾಳೆ ಮೇಲೆ ಶಾಯಿ ಚುಕ್ಕೆ ಇಟ್ಟ ಹಾಗೆ. ಮಾವಿನ ತೋಪಿನ ತದ್ವಿರುದ್ಧ. ಇಲ್ಲಿ ಮನುಷ್ಯ ಕಪ್ಪಾಗಿರಬೇಕು.

ಅದಕ್ಕೆ ಮಂಜು ಸೇರಿದರಂತೂ ಕೇಳೋದೇ ಬೇಡ. ಮಂಜಿನ ಹನಿಗಳು ಎಲ್ಲ ಬಣ್ಣದ ಬೆಳಕನ್ನೂ ಸರಿಸಮವಾಗಿ ಚದುರಿಸುತ್ತವೆ, ಅದಕ್ಕೇ ಮಂಜು ಬಿಳಿ. ನಿಮ್ಮಿಂದ ದೂರ ಹೋದ ಹಾಗೆಲ್ಲ ನಡುವೆ ಹನಿಗಳು ಜಾಸ್ತಿ. ಮೊದಲ ಸಾಲಿನ ಮರ ಕಪ್ಪು, ಎರಡನೆಯದು ಬೂದು, ಮೂರನೆಯದು ತಿಳಿಬೂದು, ನಾಲ್ಕನೆಯದು ಇದೆಯೋ ಇಲ್ಲವೋ ಅನ್ನೋ ಹಾಗೆ. ಬಣ್ಣವಿಲ್ಲದ ಚಿತ್ರದಲ್ಲಿ ಆಳ ತೋರಿಸೋದಕ್ಕೆ ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ. ಮನುಷ್ಯ ಎರಡನೇ ಸಾಲಿಗೂ ಮೂರನೇ ಸಾಲಿಗೂ ನಡುವೆ ಇರಲಿ. ಸಮುದ್ರ ಮಟ್ಟದಿಂದ 1478 ಮೀಟರ್ ಎತ್ತರದ ನಂದಿಯಲ್ಲಿ ಡಿಸೆಂಬರ್, ಜನವರಿಯ ಬೆಳಗ್ಗೆ ಮಂಜೇನೋ ಸಿಗುತ್ತದೆ. ಆದರೆ ಭಾನುವಾರ ಹೋದರೆ ಒಬ್ಬರೇ ಇರುವ ಫೋಟೋ ಬಿಡಿ, ಗಾಡಿ ನಿಲ್ಲಿಸೋದಕ್ಕೂ ಜಾಗ ಸಿಗೋದಿಲ್ಲ. ಮಂಗಳವಾರ ಹೋಗಿ. ಅಥವಾ ಸುಮ್ನೆ ನಿಮ್ಮೂರ ಕೆರೆ ಏರಿ ಪಕ್ಕದ ತೋಪಿಗೆ ಹೋಗಿ, ಚಳಿಗಾಲದಲ್ಲಿ ಅಲ್ಲೂ ಮಂಜು ಕೂರುತ್ತದೆ. ಮೀಟರಿನ ಕಿತಾಪತಿ ಇಲ್ಲಿ ಉಲ್ಟಾ. ಬಿಳಿ ಮಂಜನ್ನು ನೋಡಿ ಬೆಳಕು ಜಾಸ್ತಿ ಆಯಿತು ಅಂತ ಕತ್ತಲೆ ಮಾಡಿಬಿಡುತ್ತದೆ. ಸೂರ್ಯನ ಗುರುತನ್ನು ಈಗ ಮೇಲೆ ಎಳೆಯಬೇಕು.

ತೆಂಗಿನ ತೋಟದ್ದು ಬೇರೆಯೇ ತೊಂದರೆ. ತಿಪಟೂರಿನಲ್ಲಿ ನಮ್ಮಕ್ಕನ ಮನೆಯಿದೆ. ಭಾವ ತೋಟದಲ್ಲಿ ಕಾಯಿ ಆಯುತ್ತಿರುವಾಗ ಮಧ್ಯಾಹ್ನ ಒಂದು ಡಜನ್ ಫೋಟೋ ತೆಗೆದಿದ್ದೆ. ಒಂದರಲ್ಲೂ ಮುಖ ನೆಟ್ಟಗಿರಲಿಲ್ಲ. ಅರ್ಧ ಕೆನ್ನೆ ಬೆಳ್ಳಗೆ ಉರಿಯುತ್ತಿದೆ, ಇನ್ನರ್ಧ ಕಪ್ಪು. ಚಿರತೆ ಚರ್ಮದ ಥರ. ಗರಿಗಳ ಸಂದಿಯಿಂದ ಬೀಳುವ ಬೆಳಕಿನ ಚುಕ್ಕೆಗಳ ಕೆಲಸ ಅದು.

ಆ ಚುಕ್ಕೆಗಳನ್ನು ಒಂದು ಸಲ ಬಗ್ಗಿ ನೋಡಿ. ಗರಿಯ ಸಂದಿಗಳು ಉದ್ದಕ್ಕೆ, ಅಡ್ಡಾದಿಡ್ಡಿಯಾಗಿ ಹೇಗೇಗೋ ಇರುತ್ತವೆ. ನೆಲದ ಮೇಲೆ ಬಿದ್ದ ಚುಕ್ಕೆಗಳು ಮಾತ್ರ ಬಹುಪಾಲು ದುಂಡಗೆ. ಯಾಕೆ? ಅವು ಸಂದಿಯ ಆಕಾರವಲ್ಲ, ಸೂರ್ಯನ ಚಿತ್ರ. ಸಣ್ಣ ತೂತಿನಿಂದ ಬಂದ ಬೆಳಕು ದೂರದಲ್ಲಿ ಬಿದ್ದಾಗ ತನ್ನ ಮೂಲದ ಚಿತ್ರವನ್ನೇ ಬಿಡಿಸುತ್ತದೆ, ಲೆನ್ಸಿಲ್ಲದ ಸೂಜಿತೂತಿನ ಕ್ಯಾಮೆರಾ ಕೆಲಸ ಮಾಡೋದೂ ಹೀಗೇ. 2019ರ ಡಿಸೆಂಬರ್ 26ರಂದು ಸೂರ್ಯಗ್ರಹಣ ಆಯಿತಲ್ಲ, ಆವತ್ತು ಮರದ ಕೆಳಗೆ ನೋಡಿದವರಿಗೆ ನೆನಪಿರಬಹುದು, ಎಲ್ಲ ಚುಕ್ಕೆಗಳೂ ಕುಡುಗೋಲಿನ ಆಕಾರಕ್ಕೆ ತಿರುಗಿದ್ದವು. ಗ್ರಹಣ ಅಂತ ಬಾಗಿಲು ಹಾಕಿಕೊಂಡು ಒಳಗೆ ಕೂತವರಿಗೆ ಆ ಭಾಗ್ಯ ಸಿಗಲಿಲ್ಲ.

ಚುಕ್ಕೆಯ ಅಳತೆಗೂ ಲೆಕ್ಕ ಇದೆ. ಸಂದಿ ಎಷ್ಟು ಎತ್ತರದಲ್ಲಿದೆಯೋ ಅದರ ನೂರಹತ್ತನೇ ಒಂದು ಭಾಗ, ಹೆಚ್ಚುಕಡಿಮೆ. 10 ಮೀಟರ್ ಎತ್ತರದ ಸಂದಿಯಾದರೆ ಸುಮಾರು 9 ಸೆಂಟಿಮೀಟರ್ ಚುಕ್ಕೆ. ಕರೆಕ್ಟಾಗಿ ಅರ್ಧ ಮುಖ! ಹುಣಸೆಯ ಸಣ್ಣ ಎಲೆ, ತಗ್ಗು ಕೊಂಬೆ ಆದರೆ ಚುಕ್ಕೆಗಳು ಸಣ್ಣವಾಗಿ ಒಂದರ ಮೇಲೊಂದು ಬಿದ್ದು ಬೆರೆತುಹೋಗುತ್ತವೆ, ಅಷ್ಟು ಕಾಟ ಇರೋದಿಲ್ಲ. ಎತ್ತರದ ತೆಂಗಿನದ್ದೇ ಕಾಟ. ಬಿಸಿಲಿಗೂ ತೆರೆದ ನೆರಳಿಗೂ ಸುಮಾರು ಮೂರು ಸ್ಟಾಪ್ ವ್ಯತ್ಯಾಸ, ಅಂದರೆ 8 ಪಟ್ಟು ಬೆಳಕು. ತೋಟದ ಒಳಗೆ ಇನ್ನೂ ಎರಡು ಸ್ಟಾಪ್ ಇಳಿದರೆ 32 ಪಟ್ಟು. ಒಂದೇ ಮುಖದ ಮೇಲೆ ಆ ಎರಡೂ ಬಿದ್ದರೆ ಯಾವ ಆಪೂ ರಿಪೇರಿ ಮಾಡೋದಿಲ್ಲ. ಮೋಡ ಬರಲಿ ಅಂತ ಕಾಯಿರಿ, ಇಲ್ಲ ಸೂರ್ಯ ಇಳಿಯಲಿ. ಇಲ್ಲವಾ, ಚುಕ್ಕೆಗಳನ್ನೇ ಚಿತ್ರ ಮಾಡಿಕೊಂಡು ಮುಖವನ್ನು ಬಿಟ್ಟುಬಿಡಿ, ಬೆನ್ನು ತೋರಿಸಿ ನಡೆಯುವ ಭಾವನನ್ನು ದೂರದಿಂದ ತೆಗೆಯಿರಿ. ಕೊನೆಗೆ ನಾನು ಮಾಡಿದ್ದು ಅದನ್ನೇ.

ದೂರ ಅಂದೆ. ಒಬ್ಬನೇ ಅನ್ನಿಸಬೇಕಾದರೆ ಮನುಷ್ಯ ಚಿಕ್ಕದಾಗಿರಬೇಕು, ಆದರೆ ಎಷ್ಟು ಚಿಕ್ಕದು? ಫೋನಿನ ಮಾಮೂಲಿ ಲೆನ್ಸು ಅಗಲ. ಹತ್ತಿರ ನಿಂತು ತೆಗೆದರೆ ಮುಂದಿನ ಮನುಷ್ಯ ದೊಡ್ಡದು, ಹಿಂದಿನ ಮರಗಳೆಲ್ಲ ಕುಗ್ಗಿ ಕಡ್ಡಿಪೆಟ್ಟಿಗೆಯ ಕಡ್ಡಿಗಳು. ಮೂವತ್ತು ಹೆಜ್ಜೆ ಹಿಂದೆ ಹೋಗಿ ಎರಡು-ಮೂರು ಪಟ್ಟು ಜೂಮ್ ಮಾಡಿ ತೆಗೆದರೆ ಮರಗಳು ಎದ್ದು ಬಂದು ಅವನ ಬೆನ್ನಿಗೆ ನಿಲ್ಲುತ್ತವೆ. ಬದಲಾವಣೆ ಮಾಡಿದ್ದು ಜೂಮ್ ಅಲ್ಲ, ನಿಮ್ಮ ಮೂವತ್ತು ಹೆಜ್ಜೆ. ಇಷ್ಟು ಚಿಕ್ಕದಾದಾಗ ಮುಖ ಕಾಣೋದಿಲ್ಲ, ಆಕಾರವೇ ಮಾತಾಡಬೇಕು. ತಲೆ ಕಾಂಡದ ಮೇಲೆ ಬೀಳದಿರಲಿ, ಕಪ್ಪು ಕೂದಲು ಕಪ್ಪು ಕಾಂಡಕ್ಕೆ ಅಂಟಿಕೊಂಡು ನೆತ್ತಿಯ ಮೇಲೆ ಮರ ಹುಟ್ಟಿದ ಹಾಗಾಗುತ್ತದೆ. ಕಾಲುಗಳ ನಡುವೆ, ತೋಳಿಗೂ ಮೈಗೂ ನಡುವೆ ಒಂಚೂರು ಬೆಳಕು ಕಾಣಲಿ. ನಿಂತವರಿಗಿಂತ ಹೆಜ್ಜೆ ಎತ್ತಿದವರು ಬೇಗ ಗುರುತು ಸಿಗುತ್ತಾರೆ. ತಾತನ ಕೋಲು ನನಗೆ ಎಷ್ಟು ಉಪಕಾರ ಮಾಡಿತು ಅಂದರೆ, ಅದಿಲ್ಲದಿದ್ದರೆ ಅವರು ದೂರದಿಂದ ಇನ್ನೊಂದು ಮೋಟು ಮರ.

ಇಷ್ಟೆಲ್ಲ ಆದಮೇಲೆ ಜನ ಆ ಫೋಟೋ ನೋಡಿ ಹೇಳೋದು ಒಂದೇ ಮಾತು. ಅಯ್ಯೋ ಪಾಪ, ಒಂಟಿ ಮುದುಕ.

ಇದೊಂದು ನನಗೆ ಕಿರಿಕಿರಿ. ತಾತ ಒಂಟಿಯಾಗಿರಲಿಲ್ಲ. ಗುಡಿಸಲಲ್ಲಿ ಮೊಮ್ಮಗ ಟೀ ಕಾಯಿಸುತ್ತಿದ್ದ, ಪಕ್ಕದ ತೋಪಿನವರ ಜೊತೆ ಕೂಗಿಕೂಗಿ ಮಾತು ನಡೆದಿತ್ತು, ರೇಡಿಯೋ ಬೇರೆ. ಒಂಟಿತನ ತಂದಿದ್ದು ನಾನು. ಬಣ್ಣ ತೆಗೆದಾಗ ಅದರ ಜೊತೆಗೆ ಮೇ ತಿಂಗಳು ಹೋಯಿತು, ಹಣ್ಣಿನ ಹಳದಿ ಹೋಯಿತು, ಬೆಳಗಿನ ಏಳು ಗಂಟೆ ಅನ್ನೋದೂ ಹೋಯಿತು. ಅಂಚು ಕತ್ತರಿಸಿದಾಗ ಗುಡಿಸಲು ಹೋಯಿತು. ಉಳಿದದ್ದು ಒಂದು ಆಕೃತಿ, ಒಂದಷ್ಟು ಕತ್ತಲೆ. ಖಾಲಿ ಜಾಗವನ್ನು ನೋಡುವವರು ತಮ್ಮ ದುಃಖ ತುಂಬಿ ಭರ್ತಿ ಮಾಡಿಕೊಳ್ಳುತ್ತಾರೆ. ಆಮೇಲೆ ಎರಡನೆಯ ಪ್ರಯತ್ನದಲ್ಲಿ ಗುಡಿಸಲಿನ ಹೊಗೆ ಒಂದು ಮೂಲೆಯಲ್ಲಿ ಉಳಿಯುವ ಹಾಗೆ ಕತ್ತರಿಸಿದೆ. ಹೊಗೆ ಕಂಡರೆ ಅಲ್ಲಿ ಇನ್ನೊಬ್ಬರಿದ್ದಾರೆ ಅಂತ ಗೊತ್ತಾಗುತ್ತದಲ್ಲ.

ಪ್ರಿಂಟ್ ಹಾಕಿಸಿದ್ದು ಇನ್ನೊಂದು ಪಾಡು. ಮೊದಲು ಹಾಕಿಸಿದ ಕಡೆ ಕಲರ್ ಪೇಪರಿನ ಮೇಲೆ ಹಾಕಿಕೊಟ್ಟರು, ಇಡೀ ತೋಪಿಗೆ ಬೀಟ್‌ರೂಟ್ ನೀರು ಚಿಮುಕಿಸಿದ ಹಾಗೆ ಒಂದು ಗುಲಾಬಿ ಛಾಯೆ. ಕಲರ್ ಪೇಪರಿನಲ್ಲಿ ಬೂದು ಬರಬೇಕಾದರೆ ಮೂರು ಬಣ್ಣವೂ ಸರಿಸಮ ಬೆರೆಯಬೇಕು. ಒಂದು ಕೂದಲೆಳೆ ಏರುಪೇರಾದರೂ ಕಣ್ಣಿಗೆ ಹೊಡೆಯುತ್ತದೆ. ಹಳೇ ಬೆಳ್ಳಿ ಪೇಪರಿಗೆ ಈ ರಗಳೆ ಇರಲಿಲ್ಲ, ಅದರಲ್ಲಿ ಕಪ್ಪು ಅಂದರೆ ಬೆಳ್ಳಿಯೇ, ಸಣ್ಣಗೆ ಪುಡಿಯಾದ ಲೋಹ. ಎರಡನೆಯ ಕಡೆ ಬರೀ ಕಪ್ಪು ಮತ್ತು ಬೂದು ಶಾಯಿಯಲ್ಲಿ ಹಾಕಿಕೊಟ್ಟರು, ಸರಿಯಾಗಿ ಬಂತು.

ಅದನ್ನು ತೆಗೆದುಕೊಂಡು ಜೂನ್ ಕೊನೆಗೆ ತೋಪಿಗೆ ಹೋದೆ. ಕಾಯೆಲ್ಲ ಕಿತ್ತು ಮಂಡಿಗೆ ಹೋಗಿಯಾಗಿತ್ತು. ತಾತ ಪ್ರಿಂಟನ್ನು ಕೈಯಲ್ಲಿ ಹಿಡಿದು, ದೂರ ಇಟ್ಟು, ಹತ್ತಿರ ತಂದು, ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು. ಬೆರಳಿಟ್ಟಿದ್ದು ತಮ್ಮ ಮೇಲಲ್ಲ, ಪಕ್ಕದ ಕಾಂಡದ ಮೇಲೆ.

"ಇದು ಬಾದಾಮಿ ಮರ ಕಣಪ್ಪ. ಈ ಸಲ ಒಂದು ಕಾಯೂ ಬಿಡಲಿಲ್ಲ."